ಪಿಕಪ್ ಇಲ್ಲ ಎಂದರೆ ಎಲ್ಲಿ ಇಲ್ಲ?

ಕಾರ್ಬುರೇಟರ್ (ಪೆಟ್ರೋಲ್ ಮತ್ತು ಗಾಳಿಯನ್ನು ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ಇರುವ ಹಳೆಯ ಬೈಕನ್ನು ಗ್ಯಾರೇಜಿಗೆ ಒಯ್ದು "ಪಿಕಪ್ ಇಲ್ಲ" ಎಂದು ಹೇಳಿ ನೋಡಿ. ಸ್ವಲ್ಪ ಹೊತ್ತಿನಲ್ಲೇ ಕಾರ್ಬುರೇಟರ್ ಇಂಜಿನ್ನಿನಿಂದ ಕಳಚಿ ಪೆಟ್ರೋಲ್ ತಟ್ಟೆಯಲ್ಲಿ ಮುಳುಗಿರುತ್ತದೆ. ಪೆಟ್ರೋಲ್ ಹರಿಯುವ ಸಣ್ಣ ತೂತಿನ ಜೆಟ್‌ಗಳಿಗೆ ಗಾಳಿ ಹೊಡೆಯುತ್ತಾರೆ, ಪ್ಲಗ್ ಬದಲಿಸುತ್ತಾರೆ, ಸ್ಕ್ರೂ ಅತ್ತಿತ್ತ ತಿರುಗಿಸಿ ಐಡಲಿಂಗ್ (ನಿಂತಲ್ಲೇ ಇಂಜಿನ್ ತಿರುಗುವ ವೇಗ) ಏರಿಸಿ ಕೊಡುತ್ತಾರೆ. ಒಂದು ವಾರ ಚೆನ್ನಾಗಿ ಓಡಿದ ಹಾಗೆ ಅನಿಸುತ್ತದೆ. ಆಮೇಲೆ ಮತ್ತದೇ ತಡವರಿಕೆ.

ಬಿಚ್ಚುವ ಮೊದಲು ಕೇಳಬೇಕಾದ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ ಎಂಬುದೇ ನನ್ನ ಆಕ್ಷೇಪ. ಆಕ್ಸಿಲರೇಟರ್ ಎಷ್ಟು ತಿರುಗಿಸಿದಾಗ ತಡವರಿಸುತ್ತದೆ? ಇಂಜಿನ್ ಆಗ ಯಾವ ವೇಗದಲ್ಲಿ ತಿರುಗುತ್ತಿರುತ್ತದೆ? ತಣ್ಣಗಿದ್ದಾಗಲೋ, ಕಾದ ಮೇಲೋ? ಇಷ್ಟಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಉತ್ತರ ಸಿಗುವ ತನಕ ಸ್ಕ್ರೂಡ್ರೈವರ್ ಮುಟ್ಟಬಾರದು.

ನನ್ನದು 1996ರ ಬುಲೆಟ್ 350. ಅಪ್ಪಯ್ಯ ಕೊಂಡದ್ದು, ಈಗ ನನ್ನ ಕೆಲಸದ ಗಾಡಿ. ಮೂಡಿಗೆರೆ ಸುತ್ತಿನ ಹಳ್ಳಿಗಳಲ್ಲಿ ಜಮೀನು ಅಳೆಯುವುದು ನನ್ನ ವೃತ್ತಿ. ಸರಪಳಿ, ಟೇಪು, ನಕ್ಷೆಯ ಸುರುಳಿ ಎಲ್ಲವೂ ಇದರ ಮೇಲೆಯೇ ಪ್ರಯಾಣ ಮಾಡುತ್ತವೆ. ಎರಕದ ಕಬ್ಬಿಣದ ಸಿಲಿಂಡರು, 70 ಮಿ.ಮೀ. ಬೋರ್, 90 ಮಿ.ಮೀ. ಸ್ಟ್ರೋಕ್, 346 ಸಿಸಿ. ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು. ಮಿಕ್‌ಕಾರ್ಬ್ ವಿಎಂ24 ಕಾರ್ಬುರೇಟರ್, ಕಿಡಿಗೆ ಸಿಬಿ ಪಾಯಿಂಟ್, ಅಂದರೆ ತೆರೆದು ಮುಚ್ಚಿ ಕಿಡಿ ಹಾರುವ ಗಳಿಗೆಯನ್ನು ತೀರ್ಮಾನಿಸುವ ಪುಟ್ಟ ಸ್ವಿಚ್ಚು. ಅದರಲ್ಲಿರುವುದೆಲ್ಲ ಕಣ್ಣಿಗೆ ಕಾಣುವ, ಕೈಗೆ ಸಿಗುವ ಭಾಗಗಳು. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಆದ್ದರಿಂದ ಅದರ ಕಾಯಿಲೆಯನ್ನು ತಾಳ್ಮೆಯಿಂದ ತರ್ಕಿಸಿ ಹಿಡಿಯಬಹುದು. ಈ ಇಂಜಿನ್ನನ್ನು ನಾನು ಇಷ್ಟಪಡಲು ಮುಖ್ಯ ಕಾರಣವೇ ಇದು.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ತೊಂದರೆ ಶುರುವಾಯಿತು. ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟು, ತಿರುವು ದಾಟಿದ ಮೇಲೆ ಮೆಲ್ಲಗೆ ತೆರೆದರೆ ಇಂಜಿನ್ ಒಂದು ಕ್ಷಣ ಉಸಿರು ಕಟ್ಟಿದ ಹಾಗೆ ನಿಲ್ಲುತ್ತಿತ್ತು. ಕಾರ್ಬುರೇಟರಿನ ಕಡೆಯಿಂದ "ಫಟ್" ಎಂದು ಸೀನಿ, ಆಮೇಲೆ ಒಮ್ಮೆಲೇ ಎಳೆಯುತ್ತಿತ್ತು. ಚಾರ್ಮಾಡಿ ಘಾಟಿಯಲ್ಲಿ ಹಿಂದೆ ಲಾರಿ ಬರುತ್ತಿರುವಾಗ ಹೀಗಾದರೆ ಅದು ಕಿರಿಕಿರಿಯ ವಿಷಯವಾಗಿ ಉಳಿಯುವುದಿಲ್ಲ, ಅಪಾಯವಾಗುತ್ತದೆ. ಒಂದು ಗ್ಯಾರೇಜಿನಲ್ಲಿ ಮೇನ್ ಜೆಟ್ ದೊಡ್ಡದು ಹಾಕಿದರು. "ಈಗ ಪೆಟ್ರೋಲ್ ಜಾಸ್ತಿ ಹೋಗುತ್ತದೆ ಸಾರ್, ಪಿಕಪ್ ಬರುತ್ತದೆ" ಎಂದರು. ಬರಲಿಲ್ಲ. ಬರುವುದು ಸಾಧ್ಯವೂ ಇರಲಿಲ್ಲ.

ಯಾಕೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ವಿಎಂ24 ಸ್ಲೈಡ್ ಮಾದರಿಯ ಕಾರ್ಬುರೇಟರ್. ನಾವು ಆಕ್ಸಿಲರೇಟರ್ ತಿರುಗಿಸಿದಾಗ ಕೇಬಲ್ ಒಂದು ದುಂಡನೆಯ ಸ್ಲೈಡನ್ನು ಮೇಲಕ್ಕೆತ್ತುತ್ತದೆ. ಅದು ಎಷ್ಟು ಎತ್ತರಕ್ಕೆ ಎದ್ದಿದೆ ಎಂಬುದರ ಮೇಲೆ ಪೆಟ್ರೋಲ್ ಯಾವ ದಾರಿಯಿಂದ ಬರುತ್ತದೆ ಎಂಬುದು ತೀರ್ಮಾನವಾಗುತ್ತದೆ. ಸ್ಲೈಡ್ ಮುಚ್ಚಿದ್ದಾಗ ಮತ್ತು ಸುಮಾರು ಅರೆಕಾಲು ಭಾಗ ತೆರೆದಿರುವ ತನಕ ಸ್ಲೋ ಜೆಟ್ ಮತ್ತು ಏರ್ ಸ್ಕ್ರೂಗಳ ರಾಜ್ಯ. ಅಲ್ಲಿಂದ ಕಾಲು ಭಾಗದ ತನಕ ಸ್ಲೈಡಿನ ಅಡಿಯಲ್ಲಿ ಓರೆಯಾಗಿ ಕತ್ತರಿಸಿರುವ ಅಂಚಿನ ಪ್ರಭಾವ ಹೆಚ್ಚು. ಕಾಲಿನಿಂದ ಮುಕ್ಕಾಲಿನ ತನಕ ಸ್ಲೈಡಿಗೆ ತೂಗುಬಿದ್ದಿರುವ ಚೂಪಾದ ನೀಡಲ್ ಅಳತೆ ಮಾಡುತ್ತದೆ. ಮುಕ್ಕಾಲು ದಾಟಿದ ಮೇಲೆ ಮಾತ್ರ ಮೇನ್ ಜೆಟ್ಟಿನ ಗಾತ್ರ ನಿಜವಾಗಿ ಲೆಕ್ಕಕ್ಕೆ ಬರುತ್ತದೆ. ಗಡಿಗಳು ಗೆರೆ ಎಳೆದಷ್ಟು ಸ್ಪಷ್ಟವಾಗಿಲ್ಲ, ಒಂದರ ಮೇಲೊಂದು ಹಾಯುತ್ತವೆ. ಆದರೂ ಕಾಲು ಭಾಗ ತೆರೆದಾಗ ತಡವರಿಸುವ ಬೈಕಿಗೆ ಮೇನ್ ಜೆಟ್ ಬದಲಿಸುವುದು ವ್ಯರ್ಥ. ಘಾಟಿಯ ತಿರುವುಗಳಲ್ಲಿ ಮುಕ್ಕಾಲು ಆಕ್ಸಿಲರೇಟರ್ ಕೊಡುವವರು ಯಾರಿದ್ದಾರೆ?

ಗಮನಿಸಿ, ಇಲ್ಲಿ ಗಾಡಿಯ ವೇಗದ ಮಾತೇ ಬರಲಿಲ್ಲ, ಗೇರಿನ ಮಾತೂ ಬರಲಿಲ್ಲ. ಕಾರ್ಬುರೇಟರಿಗೆ ಮುಖ್ಯವಾಗಿ ತಿಳಿಯುವುದು ಸ್ಲೈಡ್ ಎಷ್ಟು ಎದ್ದಿದೆ ಎಂಬುದು. ಆದ್ದರಿಂದ ದೋಷ ಕಾರ್ಬುರೇಟರಿನದೇ ಆಗಿದ್ದರೆ, ಎರಡನೇ ಗೇರಿನಲ್ಲಾಗಲಿ ಮೂರನೇ ಗೇರಿನಲ್ಲಾಗಲಿ, ಆಕ್ಸಿಲರೇಟರಿನ ಅದೇ ಜಾಗದಲ್ಲಿ ತಡವರಿಕೆ ಬರಬೇಕು. ಆಕ್ಸಿಲರೇಟರ್ ಎಲ್ಲೇ ಇರಲಿ, ಇಂಜಿನ್ ಒಂದು ನಿರ್ದಿಷ್ಟ ವೇಗ ಮುಟ್ಟಿದಾಗ ತೊಂದರೆ ಬರುತ್ತದೆ ಎಂದಾದರೆ ಕಿಡಿಯ ಕಡೆ ನೋಡಬೇಕು. ಏರಿನಲ್ಲಿ, ಹಿಂದೆ ಒಬ್ಬರು ಕುಳಿತಾಗ, ಅಂದರೆ ಭಾರ ಬಿದ್ದಾಗ ಮಾತ್ರ ಮಿಸ್ಸಿಂಗ್ ಹೊಡೆದರೆ ಪ್ಲಗ್, ಪ್ಲಗ್ ಕ್ಯಾಪ್, ಕಿಡಿಗೆ ವಿದ್ಯುತ್ ಕೊಡುವ ಕಾಯಿಲ್ ಮೇಲೆ ಅನುಮಾನ ಹೋಗಬೇಕು. ಸಿಲಿಂಡರಿನೊಳಗೆ ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರುವುದು ಕಷ್ಟ. ದುರ್ಬಲ ಕಿಡಿ ಮೊದಲು ಸೋಲುವುದು ಅಲ್ಲಿಯೇ.

ಇದನ್ನು ಪರೀಕ್ಷಿಸಲು ನಾನು ಮಾಡಿದ್ದು ಇಷ್ಟೇ. ಕೇಬಲ್ಲಿನ ಸಡಿಲವನ್ನು ಮೊದಲು ಸರಿಮಾಡಿಕೊಂಡು, ಹಿಡಿಕೆಯ ಅಂಚಿಗೆ ಬಿಳಿ ಟೇಪು ಸುತ್ತಿ ಒಂದು ಗೆರೆ ಎಳೆದೆ. ಅದರ ಪಕ್ಕದ ತಿರುಗದ ಭಾಗಕ್ಕೆ ಇನ್ನೊಂದು ಟೇಪು ಅಂಟಿಸಿ ಸೊನ್ನೆ, ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಎಂದು ಗುರುತು ಹಾಕಿದೆ. ಬಣಕಲ್‌ನಿಂದ ಕೊಟ್ಟಿಗೆಹಾರದ ಕಡೆ ಹೋಗುವ ರಸ್ತೆಯಲ್ಲಿ ಬೆಳಗಿನ ಹೊತ್ತು ವಾಹನ ಕಡಿಮೆ. ಅಲ್ಲಿ ಎರಡನೇ ಗೇರಿನಲ್ಲಿ ಒಮ್ಮೆ, ಮೂರನೇ ಗೇರಿನಲ್ಲಿ ಒಮ್ಮೆ, ನಿಧಾನವಾಗಿ ಗುರುತಿನಿಂದ ಗುರುತಿಗೆ ತಿರುಗಿಸುತ್ತಾ ಹೋದೆ. ಕಣ್ಣು ರಸ್ತೆಯ ಮೇಲಿರಬೇಕು. ತಡವರಿಸಿದ ಕೂಡಲೇ ಕೈಯನ್ನು ಅಲ್ಲೇ ಹಿಡಿದು ಒಂದು ಕ್ಷಣ ಮಾತ್ರ ಗುರುತು ನೋಡಬೇಕು.

ಎರಡು ಗೇರಿನಲ್ಲೂ ಸೊನ್ನೆ ದಾಟಿ ಕಾಲು ಮುಟ್ಟುವುದರೊಳಗೆ ಸೀನು ಬಂದೇ ಬರುತ್ತಿತ್ತು. ಕಾಲು ದಾಟಿದರೆ ಇಂಜಿನ್ ಸುಗಮ. ಆದರೆ ಇನ್ನೊಂದು ವಿಚಿತ್ರವೂ ಸಿಕ್ಕಿತು. ಅರ್ಧ ಆಕ್ಸಿಲರೇಟರಿನಲ್ಲಿ ಸ್ಥಿರವಾಗಿ ಹೋಗುವಾಗ ಇಂಜಿನ್ ವೇಗ ಏರಿದಂತೆಲ್ಲ ಒಂದು ಹಂತದಲ್ಲಿ ಮಂಕಾಗುತ್ತಿತ್ತು. ಇದು ಎರಡನೇ ಗೇರಿನಲ್ಲಿ ಬೇಗ, ಮೂರನೇ ಗೇರಿನಲ್ಲಿ ತಡವಾಗಿ ಬರುತ್ತಿತ್ತು. ಅಂದರೆ ಬೇರೆ ಬೇರೆ ಎರಡು ಕಾಯಿಲೆಗಳು, ಒಂದೇ ದೂರಿನ ಅಡಿಯಲ್ಲಿ. "ಪಿಕಪ್ ಇಲ್ಲ" ಎಂಬ ಎರಡು ಪದದಲ್ಲಿ ಇವೆರಡೂ ಕಲೆಸಿಹೋಗಿದ್ದವು.

ಮೊದಲನೆಯದನ್ನು ನೋಡೋಣ. ಪೆಟ್ರೋಲ್ ಕಡಿಮೆಯಾಗಿಯೋ, ಹೆಚ್ಚಾಗಿಯೋ? ಕಾರ್ಬುರೇಟರಿನಿಂದ ಹಿಂದಕ್ಕೆ ಸೀನುವುದು ಸಾಮಾನ್ಯವಾಗಿ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು ಎಂಬುದರ ಗುರುತು. ಪೆಟ್ರೋಲ್ ಹೆಚ್ಚಾದರೆ ಇಂಜಿನ್ ಸೀನುವುದಿಲ್ಲ. ಭಾರವಾಗಿ ಡಗಡಗ ಎನ್ನುತ್ತದೆ, ಸೈಲೆನ್ಸರಿನಲ್ಲಿ ಕಪ್ಪು ಹೊಗೆ ಕಾಣುತ್ತದೆ, ಕಾದಷ್ಟೂ ಹದಗೆಡುತ್ತದೆ. ರಸ್ತೆಬದಿಯಲ್ಲಿ ನಿಲ್ಲಿಸಿ ಮಿಶ್ರಣಕ್ಕೆ ಪೆಟ್ರೋಲ್ ಹೆಚ್ಚಿಸುವ ಚೋಕ್ ಲಿವರನ್ನು ಸ್ವಲ್ಪ ಎತ್ತಿ ಮತ್ತೆ ಓಡಿಸಿದೆ. ಸೀನು ಬಹುತೇಕ ಮಾಯವಾಯಿತು. ಚೋಕ್ ಹಾಕಿದಾಗ ಸುಧಾರಿಸುವ ತಡವರಿಕೆ ಎಂದರೆ ಪೆಟ್ರೋಲ್ ಸಾಲುತ್ತಿಲ್ಲ ಎಂದೇ ಅರ್ಥ.

ಘಾಟಿಯೂ ಅದನ್ನೇ ಹೇಳುತ್ತಿತ್ತು. ಮಗಳು ಉಜಿರೆಯಲ್ಲಿ ಓದುತ್ತಿರುವುದರಿಂದ ನಾನು ಆಗಾಗ ಚಾರ್ಮಾಡಿ ಇಳಿಯುತ್ತೇನೆ. ಮೂಡಿಗೆರೆಯಲ್ಲಿ ಸಹಿಸಬಹುದಾದ ತಡವರಿಕೆ ಉಜಿರೆಯಲ್ಲಿ ಜೋರಾಗುತ್ತಿತ್ತು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಕಾರ್ಬುರೇಟರ್ ಮಾತ್ರ ಆ ಪ್ರಮಾಣದಲ್ಲಿ ಪೆಟ್ರೋಲ್ ಕಡಿಮೆ ಮಾಡುವುದಿಲ್ಲ. ಹಾಗಾಗಿ ಮೇಲೆ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚು, ಕೆಳಗೆ ಕಡಿಮೆ. 1,900 ಮೀಟರ್ ದಾಟುವ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಗಾಳಿಯ ಸಾಂದ್ರತೆ ಕಡಲ ಮಟ್ಟಕ್ಕಿಂತ ಸುಮಾರು ಆರನೇ ಒಂದು ಭಾಗ ಕಡಿಮೆ. ಘಾಟಿ ಇಳಿದಾಗ ಕೆಡುವ ಬೈಕಿಗೆ ಪೆಟ್ರೋಲಿನ ಕೊರತೆ, ಘಾಟಿ ಹತ್ತಿದಾಗ ಕೆಡುವ ಬೈಕಿಗೆ ಪೆಟ್ರೋಲಿನ ಅತಿ. ನಮ್ಮ ಕಡೆಯವರಿಗೆ ಖರ್ಚಿಲ್ಲದೆ ಸಿಗುವ ಪ್ರಯೋಗಶಾಲೆ ಇದು.

ಪೆಟ್ರೋಲ್ ಸಾಲುತ್ತಿಲ್ಲ ಎಂದ ಮಾತ್ರಕ್ಕೆ ಜೆಟ್ ಕಟ್ಟಿದೆ ಎಂದು ತೀರ್ಮಾನಿಸಬಾರದು. ಲೆಕ್ಕಕ್ಕೆ ಸಿಗದ ಗಾಳಿ ಬೇರೆ ಎಲ್ಲಿಂದಲೋ ನುಗ್ಗುತ್ತಿರಬಹುದು. ನನ್ನ ಗಾಡಿಯಲ್ಲಿ ಅದಕ್ಕೆ ಎರಡು ಸೂಚನೆಗಳಿದ್ದವು. ಒಂದು, ಆಕ್ಸಿಲರೇಟರ್ ಬಿಟ್ಟ ಮೇಲೂ ಇಂಜಿನ್ ವೇಗ ಕೂಡಲೇ ಇಳಿಯದೆ ಮೇಲೆಯೇ ತೂಗಾಡಿ ಆಮೇಲೆ ಇಳಿಯುತ್ತಿತ್ತು, ಅದೂ ಕಾದ ಮೇಲೆ ಹೆಚ್ಚು. ಎರಡು, ಏರ್ ಸ್ಕ್ರೂ. ವಿಎಂ24ರಲ್ಲಿ ಅದನ್ನು ಮೆಲ್ಲಗೆ ಪೂರ್ತಿ ಒಳಗೆ ಕೂರಿಸಿ ಸುಮಾರು ಒಂದೂವರೆ ಸುತ್ತು ಹೊರಗೆ ತಂದರೆ ಐಡಲಿಂಗ್ ಹದವಾಗಿರಬೇಕು. ಒಳಗೆ ಹೋದಷ್ಟೂ ಗಾಳಿ ಕಡಿಮೆ. ನನ್ನದರಲ್ಲಿ ಹೆಚ್ಚುಕಡಿಮೆ ಪೂರ್ತಿ ಒಳಗೆ ಹೋದಾಗಲೇ ಇಂಜಿನ್ ನೆಟ್ಟಗೆ ನಿಲ್ಲುತ್ತಿತ್ತು. ಸ್ಲೋ ಜೆಟ್ ಕಟ್ಟಿದ್ದರೂ ಹೀಗಾಗುತ್ತದೆ. ಆದರೆ ಅದನ್ನು ಆಗಲೇ ತೆಗೆದು ಬೆಳಕಿಗೆ ಹಿಡಿದು ನೋಡಿದ್ದೆ, ರಂಧ್ರ ಶುಭ್ರವಾಗಿತ್ತು.

ಇಂಥ ಕಡೆ ಹಲವರು ಕಾರ್ಬುರೇಟರ್ ಕ್ಲೀನರ್ ಸ್ಪ್ರೇಯನ್ನೋ ಪೆಟ್ರೋಲನ್ನೋ ಓಡುತ್ತಿರುವ ಇಂಜಿನ್ನಿನ ಮೇಲೆ ಸಿಂಪಡಿಸುತ್ತಾರೆ. ಕಾದ ಸಿಲಿಂಡರಿನ ಪಕ್ಕದಲ್ಲಿ ಆ ಸಾಹಸ ಬೇಡ, ಬೆಂಕಿ ಹತ್ತಲು ಒಂದು ಕ್ಷಣ ಸಾಕು. ಬಟ್ಟೆಗೆ ಇಸ್ತ್ರಿ ಹಾಕುವಾಗ ಬಳಸುವ ನೀರಿನ ಸ್ಪ್ರೇ ಬಾಟಲಿ ಸಾಕಾಗುತ್ತದೆ. ಪ್ಲಗ್ ವಯರಿಗೆ ತಾಗದಂತೆ, ಕಾರ್ಬುರೇಟರ್ ಸಿಲಿಂಡರ್ ಹೆಡ್ಡಿಗೆ ಕೂರುವ ಸಂದಿಗೆ ಸಣ್ಣಗೆ ನೀರು ಹೊಡೆದೆ. ಐಡಲಿಂಗ್ ತಕ್ಷಣ ಬದಲಾಯಿತು. ಬಲಬದಿಯ ಸಂದಿಗೆ ಹೊಡೆದಾಗ ಪ್ರತಿ ಸಲವೂ, ಎಡಬದಿಗೆ ಹೊಡೆದಾಗ ಒಮ್ಮೆಯೂ ಇಲ್ಲ.

ಕಾರ್ಬುರೇಟರನ್ನು ಬಿಚ್ಚಿದ್ದು ಆಗ. ಅದರ ಫ್ಲ್ಯಾಂಜನ್ನು, ಅಂದರೆ ಹೆಡ್ಡಿಗೆ ಕೂರುವ ಚಪ್ಪಟೆ ಮುಖವನ್ನು, ದಪ್ಪ ಗಾಜಿನ ಮೇಲೆ ಇಟ್ಟು ಒತ್ತಿದರೆ ಕುಂಟುತ್ತಿತ್ತು. ಎರಡು ನಟ್‌ಗಳನ್ನು ವರ್ಷಗಟ್ಟಲೆ ಬಿಗಿಬಿಗಿಯಾಗಿ ತಿರುಗಿಸಿದರೆ ಮೆದು ಲೋಹದ ಫ್ಲ್ಯಾಂಜಿನ ಕಿವಿಗಳು ಬಾಗಿ ನಡುಭಾಗ ಉಬ್ಬುತ್ತದೆ. ಹಳೆಯ ಬುಲೆಟ್‌ಗಳಲ್ಲಿ ಇದು ಬಹಳ ಸಾಮಾನ್ಯ. ಗಾಳಿ ಸೋರಿದಾಗ ಇನ್ನಷ್ಟು ಬಿಗಿ ಮಾಡುತ್ತಾರೆ, ಇನ್ನಷ್ಟು ಬಾಗುತ್ತದೆ. ಒಳಗಿದ್ದ ಓ-ರಿಂಗ್ (ಸಂದಿ ಮುಚ್ಚುವ ರಬ್ಬರ್ ಬಳೆ) ಮುಟ್ಟಿದರೆ ಮುರಿಯುವಷ್ಟು ಗಡುಸಾಗಿತ್ತು. ಗಾಜಿನ ಮೇಲೆ ನಯವಾದ ಎಮರಿ ಕಾಗದ ಹಾಸಿ, ಒಂದು ಹನಿ ಎಣ್ಣೆ ಬಿಟ್ಟು, ಎಂಟರ ಆಕಾರದಲ್ಲಿ ಫ್ಲ್ಯಾಂಜನ್ನು ತಿಕ್ಕಿದೆ. ಮೊದಲು ಉಬ್ಬಿದ ಕಡೆ ಮಾತ್ರ ಹೊಳಪು ಬರುತ್ತದೆ. ಹೊಳಪು ಎಲ್ಲ ಕಡೆ ಒಂದೇ ಸಮನಾಗಿ ಹರಡಿದಾಗ ನಿಲ್ಲಿಸಬೇಕು. ಲೋಹದ ಪುಡಿ ಒಂದು ಕಣವೂ ಉಳಿಯದಂತೆ ತೊಳೆದು, ಹೊಸ ಓ-ರಿಂಗ್ ಹಾಕಿ, ಎರಡೂ ನಟ್‌ಗಳನ್ನು ಸ್ವಲ್ಪ ಸ್ವಲ್ಪವೇ ಒಂದರ ನಂತರ ಒಂದರಂತೆ ಬಿಗಿ ಮಾಡಿದೆ. ಮೇನ್ ಜೆಟ್ಟನ್ನೂ ಮೊದಲಿನ ಅಳತೆಗೇ ತಂದೆ. ಏರ್ ಸ್ಕ್ರೂ ಈಗ ಒಂದೂವರೆ ಸುತ್ತಿನ ಹತ್ತಿರವೇ ನಿಂತಿತು. ಸೀನು ನಿಂತಿತು.

ನಡುವೆ ಒಂದು ಮಾತು. ಇದೆಲ್ಲಕ್ಕೂ ಮೊದಲು ಟ್ಯಾಪೆಟ್, ಅಂದರೆ ವಾಲ್ವ್ ತೆರೆಯುವ ಭಾಗಗಳ ನಡುವಿನ ಸಡಿಲ, ನೋಡಿರಬೇಕು. ಈ ಬುಲೆಟ್‌ನಲ್ಲಿ ಇಂಜಿನ್ ಪೂರ್ತಿ ತಣ್ಣಗಿದ್ದಾಗ, ಎರಡೂ ವಾಲ್ವ್ ಮುಚ್ಚಿದ ಸ್ಥಿತಿಯಲ್ಲಿ, ವಾಲ್ವನ್ನು ತೆರೆಸುವ ಸರಳು, ಅಂದರೆ ಪುಶ್‌ರಾಡ್, ಬೆರಳಿಗೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ತೀರಾ ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಇನ್‌ಲೆಟ್ ವಾಲ್ವ್ ಹಾಗಾದರೆ ಅದೂ ಕಾರ್ಬುರೇಟರಿನಿಂದಲೇ ಸೀನುತ್ತದೆ. ಜೆಟ್ ಮುಟ್ಟದೆ ಸರಿಹೋಗುವ ಕಾಯಿಲೆಗೆ ಜೆಟ್ ಬದಲಿಸಿ ದುಡ್ಡು ಕಳೆದುಕೊಂಡವರನ್ನು ನಾನು ಬಲ್ಲೆ.

ಈಗ ಎರಡನೆಯ ಕಾಯಿಲೆ. ಆಕ್ಸಿಲರೇಟರಿನ ಜಾಗಕ್ಕೆ ಅಂಟಿಕೊಳ್ಳದೆ ಇಂಜಿನ್ ವೇಗಕ್ಕೆ ಅಂಟಿಕೊಂಡ ಮಂಕುತನ. ಇಂಜಿನ್ ಬೇಗ ತಿರುಗಿದಷ್ಟೂ ಕಿಡಿ ಮುಂಚಿತವಾಗಿ ಹಾರಬೇಕು, ಯಾಕೆಂದರೆ ಮಿಶ್ರಣ ಉರಿಯಲು ಬೇಕಾದ ಸಮಯ ಅದೇ ಪ್ರಮಾಣದಲ್ಲಿ ಕಡಿಮೆಯಾಗುವುದಿಲ್ಲ. ನನ್ನ ಬುಲೆಟ್‌ನಲ್ಲಿ ಈ ಕೆಲಸ ಮಾಡುವುದು ಪಾಯಿಂಟ್ ಪ್ಲೇಟಿನ ಅಡಿಯಲ್ಲಿ ಕೂತಿರುವ ಎರಡು ಪುಟ್ಟ ತೂಕಗಳು, ಎರಡು ಸ್ಪ್ರಿಂಗ್‌ಗಳು. ವೇಗ ಏರಿದಾಗ ತೂಕಗಳು ಹೊರಕ್ಕೆ ಹಾರಿ ಪಾಯಿಂಟನ್ನು ತೆರೆಯುವ ಕ್ಯಾಮನ್ನು ಮುಂದಕ್ಕೆ ತಿರುಗಿಸುತ್ತವೆ. ಅಲ್ಲಿ ಹಳೆಯ ಗ್ರೀಸ್ ಒಣಗಿ ಮಣ್ಣಿನೊಂದಿಗೆ ಅಂಟಾದರೆ ತೂಕಗಳು ಅಲುಗುವುದಿಲ್ಲ. ಐಡಲಿಂಗ್ ಚೆನ್ನಾಗಿರುತ್ತದೆ, ಸ್ಟಾರ್ಟ್ ಸಲೀಸು, ಆದರೆ ಮೇಲಿನ ವೇಗದಲ್ಲಿ ಕಿಡಿ ತಡವಾಗಿ ಬಂದು ಇಂಜಿನ್ ಸೋಮಾರಿಯಾಗುತ್ತದೆ. ಮುಚ್ಚಳ ತೆಗೆದು ಕ್ಯಾಮನ್ನು ಬೆರಳಿನಿಂದ ತಿರುಗಿಸಿ ಬಿಟ್ಟರೆ ಅದು ಟಪ್ಪನೆ ಹಿಂದಕ್ಕೆ ಬರಬೇಕು. ನನ್ನದು ತಿರುಗಿಸಿದಲ್ಲೇ ನಿಂತಿತ್ತು. ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಒಂದೊಂದು ತೊಟ್ಟು ತೆಳು ಎಣ್ಣೆ ಹಾಕಿದ್ದೇ ಚಿಕಿತ್ಸೆ. ಹೊಸ ಬಿಡಿಭಾಗ ಯಾವುದೂ ಬೇಕಾಗಲಿಲ್ಲ.

ಅದೇ ಹೊತ್ತಿಗೆ ಪಾಯಿಂಟ್ ಗ್ಯಾಪನ್ನು ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಹಾಕಿ 0.35ರಿಂದ 0.40 ಮಿ.ಮೀ. ನಡುವೆ ನಿಲ್ಲಿಸಿದೆ. ಗ್ಯಾಪ್ ಬದಲಾದರೆ ಟೈಮಿಂಗ್, ಅಂದರೆ ಕಿಡಿ ಹಾರುವ ಗಳಿಗೆ, ಕೂಡ ಸರಿಯುತ್ತದೆ. ಆದ್ದರಿಂದ ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ. ಪಾಯಿಂಟ್‌ಗಳ ನಡುವೆ ಕಣ್ಣಿಗೆ ಹೊಡೆಯುವಷ್ಟು ಕಿಡಿ ಕಾಣುತ್ತಿದ್ದರೆ, ಪಾಯಿಂಟ್ ಬೇಗ ಸುಟ್ಟು ಗುಳಿ ಬೀಳುತ್ತಿದ್ದರೆ, ಆ ಕಿಡಿಯನ್ನು ತಡೆಯುವ ಕಂಡೆನ್ಸರ್ ಹೋಗಿದೆ ಎಂದುಕೊಳ್ಳಬಹುದು. ಕಂಡೆನ್ಸರಿನ ಒಂದು ಕೆಟ್ಟ ಗುಣವೆಂದರೆ ತಣ್ಣಗಿದ್ದಾಗ ಸರಿಯಾಗಿರುತ್ತದೆ, ಕಾದ ಮೇಲೆ ಕೈಕೊಡುತ್ತದೆ. ಗ್ಯಾರೇಜಿನಲ್ಲಿ ಚೆನ್ನಾಗಿದ್ದು ಹತ್ತು ಕಿಲೋಮೀಟರ್ ದಾಟಿದ ಮೇಲೆ ಮಿಸ್ಸಿಂಗ್ ಹೊಡೆಯುವ ಗಾಡಿಗಳಲ್ಲಿ ಮೊದಲು ಅದನ್ನು ಬದಲಿಸಿ ನೋಡಿ.

ಹೊತ್ತಿನ ಲೆಕ್ಕ ಇಟ್ಟುಕೊಳ್ಳಬೇಕಾದ ಇನ್ನೊಂದು ಕಾಯಿಲೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ್ದು. ಪಕ್ಕದ ತೋಟದ ಹುಡುಗನ ಬೈಕು ನೆಟ್ಟನೆಯ ರಸ್ತೆಯಲ್ಲಿ ಒಂದಷ್ಟು ದೂರ ಓಡಿ ಪೆಟ್ರೋಲ್ ಮುಗಿದ ಹಾಗೆ ಸೊರಗುತ್ತಿತ್ತು, ಸ್ವಲ್ಪ ನಿಂತರೆ ಮತ್ತೆ ಸರಿ. ಸೊರಗಿದ ಕೂಡಲೇ ಮುಚ್ಚಳ ತೆಗೆದಾಗ ಗಾಳಿ ಒಳಕ್ಕೆ ಎಳೆದುಕೊಂಡ ಸದ್ದು ಕೇಳಿತು. ಮುಚ್ಚಳದ ಗಾಳಿಯ ತೂತು ಧೂಳಿನಿಂದ ಮುಚ್ಚಿಹೋಗಿತ್ತು. ಪೆಟ್ರೋಲ್ ಕೆಳಗಿಳಿಯಬೇಕಾದರೆ ಮೇಲಿನಿಂದ ಗಾಳಿ ಬರಲೇಬೇಕು. ಸೂಜಿಯಲ್ಲಿ ತೂತು ಬಿಡಿಸಿದ್ದಷ್ಟೇ.

ನನ್ನ ಗಾಡಿಯಲ್ಲಿ ಇನ್ನೂ ಒಂದು ಚಿಕ್ಕ ಕೊರತೆ ಉಳಿದಿತ್ತು. ಕಾಲಿನಿಂದ ಅರ್ಧದ ನಡುವೆ, ಕರಾವಳಿಯ ಕಡೆ ಇಳಿದಾಗ ಮಾತ್ರ, ಎಳೆತ ಸ್ವಲ್ಪ ತೆಳು. ಇದಕ್ಕೆ ಕಾರಣ ಪೆಟ್ರೋಲೇ ಎಂದು ನನ್ನ ನಂಬಿಕೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕ ಇ20, ಅಂದರೆ ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್, ಈಗ ನಮ್ಮ ಬಂಕ್‌ಗಳಲ್ಲೂ ಅದೇ. ಎಥನಾಲ್‌ನ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಆಮ್ಲಜನಕವೇ. ಪೆಟ್ರೋಲ್ ಪೂರ್ತಿ ಉರಿಯಲು ತನ್ನ ತೂಕದ ಸುಮಾರು 14.7 ಪಟ್ಟು ಗಾಳಿ ಬೇಕು, ಎಥನಾಲ್‌ಗೆ 9 ಪಟ್ಟು ಸಾಕು. ಶುದ್ಧ ಪೆಟ್ರೋಲಿಗೆ ಹೊಂದಿಸಿದ ಜೆಟ್‌ನಲ್ಲಿ ಇ20 ಹರಿದರೆ ಮಿಶ್ರಣ ತೆಳುವಾಗುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದ ಮೇಲಿನ, ಕಾರ್ಬುರೇಟರ್ ಇಲ್ಲದ ಇಂಜೆಕ್ಷನ್ ಬೈಕ್‌ಗಳು ಸೈಲೆನ್ಸರಿನ ಸೆನ್ಸರ್ ನೋಡಿ ಒಂದು ಮಿತಿಯೊಳಗೆ ಇದನ್ನು ಸರಿದೂಗಿಸಿಕೊಳ್ಳುತ್ತವೆ. ಕಾರ್ಬುರೇಟರಿಗೆ ಆ ಅರಿವಿಲ್ಲ, ಅರಿವು ನಮ್ಮದಾಗಿರಬೇಕು. ನೀಡಲ್ಲಿನ ಕ್ಲಿಪ್ಪನ್ನು ಒಂದು ಗೀರು ಕೆಳಗೆ ಹಾಕಿದೆ. ಕ್ಲಿಪ್ ಕೆಳಗಿಳಿದರೆ ನೀಡಲ್ ಮೇಲೇರುತ್ತದೆ, ಪೆಟ್ರೋಲ್ ಹೆಚ್ಚು ಬರುತ್ತದೆ. ಕರಾವಳಿಯಲ್ಲಿ ಎಳೆತ ತುಂಬಿತು. ಮುಳ್ಳಯ್ಯನಗಿರಿಯ ರಸ್ತೆಯಲ್ಲಿ ಒಂದಿಷ್ಟು ಭಾರವೆನಿಸುತ್ತದೆ. ಅಲ್ಲಿಗೆ ನಾನು ಹೋಗುವುದು ಅಪರೂಪ, ಆದ್ದರಿಂದ ಹಾಗೆಯೇ ಬಿಟ್ಟಿದ್ದೇನೆ.

ಕೆಳವೇಗದಲ್ಲಿ, ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರನ್ನು ಒಮ್ಮೆಲೇ ಪೂರ್ತಿ ತಿರುಗಿಸಿದರೆ ಈಗಲೂ ಇಂಜಿನ್ ತಡವರಿಸುತ್ತದೆ. ಅದು ಕಾಯಿಲೆಯಲ್ಲ. ಈ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಚಿಮ್ಮಿಸುವ ಪಂಪ್ ಇಲ್ಲ. ಪೆಟ್ರೋಲನ್ನು ಮೇಲಕ್ಕೆ ಎಳೆಯುವುದು ಗಾಳಿಯ ಓಟವೇ. ತೋಟದ ಕಾಲುವೆಯನ್ನು ಏಕಾಏಕಿ ಅಗಲ ಮಾಡಿದರೆ ನೀರಿನ ಓಟ ತಗ್ಗುವಂತೆ, ಸ್ಲೈಡ್ ಒಮ್ಮೆಲೇ ಎದ್ದರೆ ಗಾಳಿಯ ಓಟ ತಗ್ಗುತ್ತದೆ, ಪೆಟ್ರೋಲ್ ಹಿಂದೆ ಬೀಳುತ್ತದೆ. ಗೇರ್ ಇಳಿಸಿ, ಇಂಜಿನ್ ಕೇಳಿದಷ್ಟೇ ತೆರೆಯುತ್ತಾ ಹೋದರೆ ಆ ಪ್ರಶ್ನೆಯೇ ಬರುವುದಿಲ್ಲ. ಇದನ್ನು ಸರಿಪಡಿಸುತ್ತೇನೆಂದು ಯಾರಾದರೂ ದೊಡ್ಡ ಜೆಟ್ ಹಿಡಿದು ಬಂದರೆ ಬೇಡವೆನ್ನಿ.

ಮಳೆಗಾಲಕ್ಕೆ ಗಾಡಿ ನಿಲ್ಲಿಸುವವರಿಗೆ ಒಂದು ಸೂಚನೆ. ಎಥನಾಲ್ ನೀರಿನ ಅಂಶವನ್ನು ಹೀರಿಕೊಳ್ಳುತ್ತದೆ. ಮಿತಿ ಮೀರಿದರೆ ನೀರು ಮತ್ತು ಎಥನಾಲ್ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಜೆಟ್‌ಗಳು ಹೀರುವುದು ತಳದಿಂದಲೇ. ನಿಲ್ಲಿಸುವ ಮೊದಲು ಟ್ಯಾಪ್ ಮುಚ್ಚಿ, ಕಾರ್ಬುರೇಟರಿನ ತಳದಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬೌಲನ್ನು ಖಾಲಿ ಮಾಡಿ. ಮತ್ತೆ ತೆಗೆಯುವ ದಿನ ಟ್ಯಾಪಿನ ಪೆಟ್ರೋಲನ್ನು ಮೊದಲು ಗಾಜಿನ ಲೋಟಕ್ಕೆ ಬಿಟ್ಟು ನೋಡಿ. ತಳದಲ್ಲಿ ಬೇರೆ ಪದರವೋ ಹನಿಗಳೋ ಕಂಡರೆ ಟ್ಯಾಂಕ್ ಪೂರ್ತಿ ಬಸಿಯಿರಿ. ಪೆಟ್ರೋಲ್ ಪೈಪು ಗಡುಸಾಗಿದ್ದರೆ ಅಥವಾ ಉಬ್ಬಿದ್ದರೆ ಎಥನಾಲ್ ತಾಳುವ ಹೊಸ ಪೈಪನ್ನು ಅದೇ ದಿನ ಹಾಕಿಬಿಡಿ.